ಏಳು–ಸೊನ್ನೆಯಿಂದ ಈಚೆಗೆ: ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಮತ್ತು ಟಿವಿ

(ಬೆಂಗಳೂರಿನಲ್ಲಿ ಕ್ರೀಡಾಸಕ್ತರ ಒಂದು ಸಣ್ಣ ಗುಂಪಿನ ಮುಂದೆ ಆಡಿದ ಮಾತು. ಓದಿಗೆ ಒಗ್ಗುವಂತೆ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1979ರ ಫೆಬ್ರುವರಿ 24ರಂದು ಉತ್ತರ ಕೆರೊಲಿನಾ ರಾಜ್ಯದ ಡರ್ಹಮ್‌ನಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ಪಂದ್ಯ ನಡೆಯಿತು. ಆಡಿದ್ದು ಆ ಊರಿನ ಡ್ಯೂಕ್ ವಿಶ್ವವಿದ್ಯಾಲಯ ಮತ್ತು ಹದಿನೈದು ಕಿಲೋಮೀಟರ್ ಆಚೀಚೆ ಇರುವ ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯ. ಇಪ್ಪತ್ತು ನಿಮಿಷದ ಮೊದಲರ್ಧ ಮುಗಿದಾಗ ಸ್ಕೋರು ಡ್ಯೂಕ್ ಏಳು, ಕೆರೊಲಿನಾ ಸೊನ್ನೆ.

ಕೆರೊಲಿನಾದ ಹುಡುಗರಿಗೆ ಆಡಲು ಬರುತ್ತಿರಲಿಲ್ಲ ಎಂದಲ್ಲ. ಅವರ ಕೋಚ್ ಡೀನ್ ಸ್ಮಿತ್, ಆ ಆಟ ಕಂಡ ಅತಿ ಚುರುಕು ತಲೆಗಳಲ್ಲಿ ಒಬ್ಬರು. ಎದುರಾಳಿಗಳು ಬುಟ್ಟಿಯ ಕೆಳಗೆ ಗೋಡೆ ಕಟ್ಟಿದಂತೆ ನಿಂತಿದ್ದಾರೆ, ಅವರಾಗಿ ಹೊರಗೆ ಬರುವ ತನಕ ಚೆಂಡನ್ನು ಕೈಯಲ್ಲೇ ಇಟ್ಟುಕೊಳ್ಳಿ ಎಂದರು. ಹುಡುಗರು ಹಾಗೇ ಮಾಡಿದರು. ಡ್ಯೂಕ್‌ನವರು ಬರಲಿಲ್ಲ, ಇವರು ಎಸೆಯಲಿಲ್ಲ. ಎಸೆದ ಒಂದೆರಡು ಚೆಂಡು ರಿಂಗಿಗೂ ತಾಗಲಿಲ್ಲ. ಇಷ್ಟು ಹೊತ್ತಿನೊಳಗೆ ಎಸೆಯಲೇಬೇಕು ಎಂಬ ನಿಯಮ ಕಾಲೇಜು ಆಟದಲ್ಲಿ ಆಗ ಇರಲಿಲ್ಲ. ವೃತ್ತಿಪರರ ಎನ್‌ಬಿಎ 1954ರಲ್ಲೇ 24 ಸೆಕೆಂಡಿನ ಗಡಿಯಾರ ತಂದಿತ್ತು. ಕಾಲೇಜಿನವರು ಅದಕ್ಕೆ ಸೊಪ್ಪು ಹಾಕಿರಲಿಲ್ಲ. ಮಜಾ ಏನೆಂದರೆ, ದ್ವಿತೀಯಾರ್ಧದಲ್ಲಿ ಎರಡೂ ತಂಡಗಳು ಸಮ ಸಮ 40 ಅಂಕ ಗಳಿಸಿದವು. ಪಂದ್ಯ 47–40. ಆ ಏಳರಲ್ಲೇ ಕೆರೊಲಿನಾ ಸೋತಿತು.

ಇಂಥ ಪಂದ್ಯವನ್ನು ಈಗ ಯಾವ ಚಾನೆಲ್ಲೂ ತೋರಿಸುವುದಿಲ್ಲ ಎಂದು ನೀವು ಅಂದುಕೊಳ್ಳಬಹುದು. ತೋರಿಸುವ ಮಾತು ಹಾಗಿರಲಿ, ಇಂಥ ಪಂದ್ಯ ಈಗ ನಡೆಯುವುದಕ್ಕೇ ಸಾಧ್ಯವಿಲ್ಲ. ಆಟದ ನಿಯಮಗಳೇ ಬದಲಾಗಿವೆ, ಮತ್ತು ಆ ಬದಲಾವಣೆಯ ಹಿಂದೆ ಟಿವಿಯ ಕೈ ದೊಡ್ಡದು. ನಾನು ಆ ಊರುಗಳ ಸುತ್ತ ಬಹಳ ಕಾಲದಿಂದ ಇರುವವನು. ನಮ್ಮ ಕಡೆಯ ಹುಡುಗರು ಕಂಪ್ಯೂಟರ್ ಕೆಲಸಕ್ಕೆಂದು ಅಲ್ಲೇ ಹತ್ತಿರದ ರಾಲಿ, ಕೇರಿ ಎಂಬ ಊರುಗಳಿಗೆ ಬಂದು ಇಳಿದ ಹೊಸದರಲ್ಲಿ ಆಫೀಸಿನಲ್ಲಿ ಕೇಳಿಸಿಕೊಳ್ಳುವ ಪ್ರಶ್ನೆ, "ನೀನು ಡ್ಯೂಕ್ ಕಡೆಯೋ, ಕೆರೊಲಿನಾ ಕಡೆಯೋ?" ಎರಡೂ ಅಲ್ಲ ಎಂದರೆ ನಂಬುವುದಿಲ್ಲ.

ಈಗ ಅದೇ 1979ನ್ನು ಸ್ವಲ್ಪ ಗಮನಿಸಿ. ಫೆಬ್ರುವರಿಯಲ್ಲಿ ಈ ಏಳು–ಸೊನ್ನೆ. ಮಾರ್ಚ್ 26ಕ್ಕೆ ಸಾಲ್ಟ್ ಲೇಕ್ ಸಿಟಿಯಲ್ಲಿ ರಾಷ್ಟ್ರೀಯ ಫೈನಲ್. ಒಂದು ಕಡೆ ಮಿಷಿಗನ್ ಸ್ಟೇಟ್‌ನ ಮ್ಯಾಜಿಕ್ ಜಾನ್ಸನ್, ಇನ್ನೊಂದು ಕಡೆ ಅಲ್ಲಿಯವರೆಗೆ ಒಂದೂ ಪಂದ್ಯ ಸೋಲದ ಇಂಡಿಯಾನಾ ಸ್ಟೇಟ್‌ನ ಲ್ಯಾರಿ ಬರ್ಡ್. ಮಿಷಿಗನ್ ಸ್ಟೇಟ್ 75–64ರಲ್ಲಿ ಗೆದ್ದಿತು. ಟಿವಿ ಇದ್ದ ಮನೆಗಳ ಲೆಕ್ಕದಲ್ಲಿ ಅದರ ರೇಟಿಂಗ್ 24.1, ಎಂದರೆ ನೂರಕ್ಕೆ 24 ಮನೆ. ಅಮೆರಿಕದಲ್ಲಿ ಬೇರೆ ಯಾವ ಬ್ಯಾಸ್ಕೆಟ್‌ಬಾಲ್ ಪಂದ್ಯವೂ, ಎನ್‌ಬಿಎ ಸೇರಿಸಿ, ಇಂದಿನವರೆಗೆ ಆ ಅಂಕಿ ಮುಟ್ಟಿಲ್ಲ. ಮೇ ತಿಂಗಳಲ್ಲಿ ಬಿಗ್ ಈಸ್ಟ್ ಎಂಬ ಹೊಸ ಒಕ್ಕೂಟ, ಎಂದರೆ ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಕೂಟ, ಹುಟ್ಟಿತು. ಸೆಪ್ಟೆಂಬರ್ 7ಕ್ಕೆ ಕನೆಕ್ಟಿಕಟ್‌ನ ಬ್ರಿಸ್ಟಲ್ ಎಂಬ ಸಣ್ಣ ಊರಿನಿಂದ ಇಎಸ್‌ಪಿಎನ್ ಎಂಬ ಕ್ರೀಡಾ ಚಾನೆಲ್ ಶುರುವಾಯಿತು. ಹಳೆಯ ಕಾಲ ಮುಗಿದದ್ದೂ ಹೊಸದು ತೊಡಗಿದ್ದೂ ಒಂದೇ ವರ್ಷದಲ್ಲಿ.

ಹಳೆಯ ಕಾಲ ಎಂದರೆ ಹೇಗಿತ್ತು? ಟಿವಿಯಲ್ಲಿ ಬ್ಯಾಸ್ಕೆಟ್‌ಬಾಲ್ ಮೊದಲು ಬಂದದ್ದು 1940ರ ಫೆಬ್ರುವರಿ 28ರಂದು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪಿಟ್ಸ್‌ಬರ್ಗ್ ಮತ್ತು ಫೋರ್ಡಮ್ ಆಡಿದವು. ಎನ್‌ಬಿಸಿಯ ಪ್ರಾಯೋಗಿಕ ಕೇಂದ್ರ ಅದನ್ನು ಬಿತ್ತರಿಸಿತು. ನೋಡುವುದಕ್ಕೆ ಆ ನಗರದ ಸುತ್ತಮುತ್ತ ಇದ್ದ ಸೆಟ್ಟುಗಳೇ ಬೆರಳೆಣಿಕೆ. ಅದನ್ನು ಇತಿಹಾಸಕ್ಕೆ ಬಿಡೋಣ. ನಿಜವಾದ ಕಥೆ 1957ರದ್ದು, ಅದೂ ನಮ್ಮ ಉತ್ತರ ಕೆರೊಲಿನಾದ್ದು.

ಆ ವರ್ಷ ಕೆರೊಲಿನಾ ತಂಡ ಒಂದೂ ಪಂದ್ಯ ಸೋಲದೆ ಕ್ಯಾನ್ಸಸ್ ಸಿಟಿಯ ಫೈನಲ್ಲಿಗೆ ಹೋಯಿತು. ಎದುರಿಗೆ ಕ್ಯಾನ್ಸಸ್ ವಿಶ್ವವಿದ್ಯಾಲಯ, ಅದರಲ್ಲಿ ಏಳಡಿ ಮೀರಿದ ವಿಲ್ಟ್ ಚೇಂಬರ್ಲಿನ್. ಪಂದ್ಯ ಶುರುವಾಗುವಾಗ ಚೆಂಡನ್ನು ಮೇಲೆ ಹಾರಿಸಿ ಇಬ್ಬರು ನೆಗೆಯಬೇಕಲ್ಲ, ಆಗ ಕೆರೊಲಿನಾದ ಕೋಚ್ ಫ್ರ್ಯಾಂಕ್ ಮ್ಯಾಕ್‌ಗೈರ್ ವಿಲ್ಟ್ ಎದುರು ನಿಲ್ಲಿಸಿದ್ದು ತಮ್ಮ ತಂಡದ ಗಿಡ್ಡ ಹುಡುಗ ಟಾಮಿ ಕರ್ನ್ಸ್‌ನನ್ನು! ಹೇಗೂ ಚೆಂಡು ಸಿಗುವುದಿಲ್ಲ, ಅವನ ತಲೆಯನ್ನಾದರೂ ಸ್ವಲ್ಪ ಕೆಡಿಸೋಣ ಎಂದು. ಪಂದ್ಯ ಮೂರು ಹೆಚ್ಚುವರಿ ಅವಧಿಗೆ ಎಳೆಯಿತು. ಕೆರೊಲಿನಾ 54–53. ಹಿಂದಿನ ರಾತ್ರಿಯ ಸೆಮಿಫೈನಲ್ ಕೂಡ ಮೂರು ಹೆಚ್ಚುವರಿ ಅವಧಿ ಕಂಡಿತ್ತು.

ಫಿಲಡೆಲ್ಫಿಯಾ ಕಡೆಯ ಚೆಸ್ಲಿ ಎಂಬ ನಿರ್ಮಾಪಕರು ಈ ಪಂದ್ಯಗಳನ್ನು ಉತ್ತರ ಕೆರೊಲಿನಾದ ಕೆಲವು ಟಿವಿ ಕೇಂದ್ರಗಳಿಗೆ ತಲುಪಿಸುವ ಏರ್ಪಾಡು ಮಾಡಿದ್ದರು. ತಂಬಾಕು, ಹತ್ತಿ ಗಿರಣಿಗಳ ರಾಜ್ಯವದು. ತಡರಾತ್ರಿಯವರೆಗೆ ಜನ ಎದ್ದು ಕೂತು ನೋಡಿದರು. ಚೆಸ್ಲಿಗೆ ವ್ಯಾಪಾರ ಹೊಳೆಯಿತು. ಮುಂದಿನ ಚಳಿಗಾಲದಿಂದ ಕೆರೊಲಿನಾ, ಡ್ಯೂಕ್ ಆಡುವ ಅಟ್ಲಾಂಟಿಕ್ ಕೋಸ್ಟ್ ಒಕ್ಕೂಟದ ಪಂದ್ಯಗಳು ವಾರಕ್ಕೊಮ್ಮೆ ಬರತೊಡಗಿದವು. ಗ್ರೀನ್ಸ್‌ಬರೋ ಊರಿನ ವಿಮಾ ಕಂಪನಿಯೊಂದು ಜಾಹೀರಾತು ಕೊಟ್ಟಿತು. ಆ ಜಾಹೀರಾತಿನ ಹಾಡನ್ನು ಈಗ ಎಪ್ಪತ್ತು ದಾಟಿದವರು ಇವತ್ತಿಗೂ ಗುನುಗುತ್ತಾರೆ. ಒಕ್ಕೂಟದ ಟೂರ್ನಿ ನಡೆಯುವ ಶುಕ್ರವಾರ ಶಾಲೆಗಳಲ್ಲಿ ಮೇಷ್ಟ್ರುಗಳೇ ಚಕ್ರದ ಸ್ಟ್ಯಾಂಡಿನ ಮೇಲೆ ಟಿವಿ ತಳ್ಳಿಕೊಂಡು ತರಗತಿಗೆ ತರುತ್ತಿದ್ದರು. ಪಾಠ ಬಂದ್. ಆ ರಾಜ್ಯದಲ್ಲಿ ಬೆಳೆದ ಯಾರನ್ನು ಬೇಕಾದರೂ ಕೇಳಿ, ಇದನ್ನು ಹೇಳದೆ ಬಿಡುವುದಿಲ್ಲ.

ಆ ಟೂರ್ನಿಗೆ ಅಷ್ಟು ಕಾವು ಇದ್ದದ್ದಕ್ಕೂ ಕಾರಣವಿತ್ತು. 1975ರವರೆಗೆ ಒಂದು ಒಕ್ಕೂಟದಿಂದ ಒಂದೇ ತಂಡಕ್ಕೆ ರಾಷ್ಟ್ರೀಯ ಟೂರ್ನಿಯಲ್ಲಿ ಜಾಗ. 1974ರ ಒಕ್ಕೂಟದ ಫೈನಲ್ಲಿನಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ಮೇರಿಲ್ಯಾಂಡನ್ನು ಹೆಚ್ಚುವರಿ ಅವಧಿಯಲ್ಲಿ 103–100ರಿಂದ ಸೋಲಿಸಿತು. ಸ್ಟೇಟ್ ಮುಂದೆ ಹೋಗಿ ದೇಶಕ್ಕೇ ಚಾಂಪಿಯನ್ ಆಯಿತು. ದೇಶದ ಅತ್ಯುತ್ತಮ ಐದಾರು ತಂಡಗಳಲ್ಲಿ ಒಂದಾಗಿದ್ದ ಮೇರಿಲ್ಯಾಂಡ್ ಮನೆಗೆ ಹೋಯಿತು. ಈಗ ಅದೇ ಒಕ್ಕೂಟದಿಂದ ನಾಲ್ಕೈದು ತಂಡ ಹೋಗುವುದು ಮಾಮೂಲು. ನ್ಯಾಯ ಹೆಚ್ಚಾಯಿತು, ಕಾವು ಇಳಿಯಿತು. ಎರಡೂ ನಿಜ.

ಇಡೀ ದೇಶಕ್ಕೆ ಕಾಲೇಜು ಪಂದ್ಯ ತೋರಿಸಿದರೆ ಜನ ನೋಡುತ್ತಾರೆಯೇ ಎಂಬ ಅನುಮಾನ ದೊಡ್ಡ ಚಾನೆಲ್ಲುಗಳಿಗೆ ಬಹಳ ಕಾಲ ಇತ್ತು. ಅದನ್ನು ಪರಿಹರಿಸಿದ್ದು 1968ರ ಜನವರಿ 20. ಹ್ಯೂಸ್ಟನ್‌ನ ಆಸ್ಟ್ರೋಡೋಮ್ ಬೇಸ್‌ಬಾಲಿಗೆ ಕಟ್ಟಿದ ಭಾರೀ ಗುಮ್ಮಟ. ಅದರ ನಡುವೆ ಲಾಸ್ ಏಂಜಲಿಸ್‌ನಿಂದ ತಂದ ಮರದ ನೆಲಹಾಸು ಜೋಡಿಸಿ ಯುಸಿಎಲ್‌ಎ (ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಮತ್ತು ಹ್ಯೂಸ್ಟನ್ ವಿಶ್ವವಿದ್ಯಾಲಯ ಆಡಿದವು. 52,693 ಜನ. ಅತಿ ಹತ್ತಿರದ ಪ್ರೇಕ್ಷಕನಿಗೂ ಆಟಗಾರರು ಬಹು ದೂರ. ಹಾಗಾಗಿ ಟಿವಿಯಲ್ಲಿ ನೋಡಿದವರಿಗೇ ಹೆಚ್ಚು ಕಂಡಿತು ಎಂದು ಹೇಳಬಹುದು. ಎಡ್ಡಿ ಐನ್‌ಹಾರ್ನ್ ಎಂಬ ಸ್ವತಂತ್ರ ನಿರ್ಮಾಪಕರು ಪ್ರಸಾರದ ಹಕ್ಕಿಗೆ ಕೊಟ್ಟದ್ದು 27,000 ಡಾಲರ್. ಊರೂರಿನ ಕೇಂದ್ರಗಳನ್ನು ಒಂದೊಂದಾಗಿ ಒಪ್ಪಿಸಿ ದೇಶದುದ್ದಕ್ಕೂ ಜಾಲ ಕಟ್ಟಿದರು. 47 ಪಂದ್ಯ ಸತತ ಗೆದ್ದಿದ್ದ ಯುಸಿಎಲ್‌ಎ 71–69ರಲ್ಲಿ ಸೋತಿತು. ಹ್ಯೂಸ್ಟನ್‌ನ ಎಲ್ವಿನ್ ಹೇಯ್ಸ್ 39 ಅಂಕ ಗಳಿಸಿದರು. ಕಣ್ಣಿಗೆ ಪೆಟ್ಟು ಬಿದ್ದಿದ್ದ ಲ್ಯೂ ಆಲ್ಸಿಂಡರ್, ಮುಂದೆ ಕರೀಮ್ ಅಬ್ದುಲ್ ಜಬ್ಬಾರ್ ಆದವರು, ಹದಿನೈದಕ್ಕೆ ನಿಂತರು. ಎರಡು ತಿಂಗಳ ಮೇಲೆ ರಾಷ್ಟ್ರೀಯ ಸೆಮಿಫೈನಲ್ಲಿನಲ್ಲಿ ಯುಸಿಎಲ್‌ಎ 101–69ರಿಂದ ಬಡ್ಡಿ ಸಮೇತ ತೀರಿಸಿತು. ಆದರೆ ಜನ ನೆನಪಿಟ್ಟುಕೊಂಡದ್ದು ಆಸ್ಟ್ರೋಡೋಮ್.

ಆ 27,000 ಡಾಲರನ್ನು ತಲೆಯಲ್ಲಿಟ್ಟುಕೊಳ್ಳಿ. 1991ರಿಂದ ಏಳು ವರ್ಷ ರಾಷ್ಟ್ರೀಯ ಟೂರ್ನಿ ತೋರಿಸಲು ಸಿಬಿಎಸ್ ಚಾನೆಲ್ ಒಪ್ಪಿದ್ದು ನೂರು ಕೋಟಿ ಡಾಲರಿಗೆ. 1999ರಲ್ಲಿ ಹನ್ನೊಂದು ವರ್ಷಕ್ಕೆ ಆರುನೂರು ಕೋಟಿ. 2010ರಲ್ಲಿ ಸಿಬಿಎಸ್ ಮತ್ತು ಟರ್ನರ್ ಎಂಬ ಇನ್ನೊಂದು ಟಿವಿ ಕಂಪನಿ ಸೇರಿ ಹದಿನಾಲ್ಕು ವರ್ಷಕ್ಕೆ 1,080 ಕೋಟಿ. 2016ರಲ್ಲಿ ಅದನ್ನು 2032ರ ತನಕ ಎಳೆಯಲು ಮತ್ತೆ 880 ಕೋಟಿ. ಆಡುವವರು ಮಾತ್ರ ಬಹುಕಾಲ ವಿದ್ಯಾರ್ಥಿಗಳು, ಸಂಬಳವಿಲ್ಲದವರು. ಆ ಮಾತಿಗೆ ಆಮೇಲೆ ಬರುತ್ತೇನೆ.

ಇಷ್ಟು ದುಡ್ಡು ಸುರಿಯುವವರು ಏಳು–ಸೊನ್ನೆಯನ್ನು ಸಹಿಸುತ್ತಾರೆಯೇ? 1982ರಲ್ಲಿ ಒಕ್ಕೂಟದ ಫೈನಲ್ಲಿನಲ್ಲಿ ಕೆರೊಲಿನಾ ಮತ್ತು ವರ್ಜೀನಿಯಾ ಆಡಿದವು. ಒಂದು ಕಡೆ ಹತ್ತೊಂಬತ್ತರ ಮೈಕಲ್ ಜೋರ್ಡಾನ್, ಇನ್ನೊಂದು ಕಡೆ ಏಳಡಿ ನಾಲ್ಕಿಂಚಿನ ರಾಲ್ಫ್ ಸ್ಯಾಂಪ್ಸನ್. ದೇಶವೆಲ್ಲ ಟಿವಿಯ ಮುಂದೆ ಕೂತಿರುವಾಗ ಡೀನ್ ಸ್ಮಿತ್ ಮತ್ತೆ ಚೆಂಡು ಹಿಡಿದು ನಿಲ್ಲಿಸಿದರು, ನಿಮಿಷಗಟ್ಟಲೆ. ಕೆರೊಲಿನಾ 47–45. ಇಂಥ ಆಟಗಾರರನ್ನು ಸುಮ್ಮನೆ ನಿಲ್ಲಿಸಿ ತೋರಿಸುವುದೇ ಎಂದು ಎಲ್ಲ ಕಡೆ ಕೂಗೆದ್ದಿತು. ಮರುವರ್ಷವೇ ಒಕ್ಕೂಟ ಗಡಿಯಾರವನ್ನೂ ಮೂರಂಕದ ಗೆರೆಯನ್ನೂ (ಅದರಾಚೆಯಿಂದ ಎಸೆದು ಬಿದ್ದರೆ ಎರಡರ ಬದಲು ಮೂರು ಅಂಕ) ಪ್ರಯೋಗಕ್ಕೆ ತಂದಿತು. 1985ರ ಚಳಿಗಾಲದಿಂದ ದೇಶಕ್ಕೆಲ್ಲ 45 ಸೆಕೆಂಡಿನ ಶಾಟ್ ಕ್ಲಾಕ್, ಮರುವರ್ಷದಿಂದ ಮೂರಂಕದ ಗೆರೆ. ಮುಂದೆ 45 ಹೋಗಿ 35, 2015ರಿಂದ 30.

ಗಡಿಯಾರವಿಲ್ಲದ ಕೊನೆಯ ಫೈನಲ್ 1985ರದ್ದು. ಅಲ್ಲಿ ವಿಲನೋವಾ ಎಂಬ ತಂಡ ಬಲಾಢ್ಯ ಜಾರ್ಜ್‌ಟೌನನ್ನು 66–64ರಿಂದ ಕೆಡವಿತು. ಇಡೀ ಪಂದ್ಯದಲ್ಲಿ ವಿಲನೋವಾ ಬುಟ್ಟಿಗೆ ಗುರಿಯಿಟ್ಟದ್ದು 28 ಸಲ ಮಾತ್ರ, ಬಿದ್ದದ್ದು 22. ಇವತ್ತು ಒಂದು ತಂಡ ಅದರ ಎರಡರಷ್ಟು ಎಸೆಯುತ್ತದೆ. ಡೀನ್ ಸ್ಮಿತ್ ಚೆಂಡು ಹಿಡಿದು ನಿಂತಾಗ ಬೈದವರೇ ವಿಲನೋವಾ ತಾಳ್ಮೆಯನ್ನು ಕಲೆ ಎಂದು ಹೊಗಳಿದರು. ನನ್ನನ್ನು ಕೇಳಿದರೆ ಗಡಿಯಾರ ಬಂದದ್ದು ಒಳ್ಳೆಯದೇ ಆಯಿತು. ಆದರೆ ದುರ್ಬಲರಿಗೆ ಇದ್ದ ಒಂದು ಆಯುಧ ಕೈಬಿಟ್ಟು ಹೋಯಿತು ಎನ್ನುವುದನ್ನೂ ಒಪ್ಪಬೇಕು.

ಆಟದ ಲಯವೂ ಬದಲಾಯಿತು. ನೀವು ಕ್ರಿಕೆಟ್‌ನಲ್ಲಿ ಓವರ್ ಮುಗಿದಾಗ ಜಾಹೀರಾತು ನೋಡಿ ಬೆಳೆದವರು. ಬ್ಯಾಸ್ಕೆಟ್‌ಬಾಲಿಗೆ ಓವರ್ ಇಲ್ಲ. ಹಾಗಾಗಿ ಪ್ರತಿ ಅರ್ಧದಲ್ಲಿ 16, 12, 8, 4 ನಿಮಿಷ ಉಳಿದಿರುವ ಗಡಿ ದಾಟಿದ ಮೇಲೆ ಆಟ ಮೊದಲ ಸಲ ನಿಂತ ಕೂಡಲೇ ಟಿವಿಗಾಗಿ ಟೈಮ್‌ಔಟ್ ಎಂದು ಮಾಡಿದರು. ದಣಿದ ತಂಡ ಮುಂದಿನ ಗಡಿಯವರೆಗೆ ಉಸಿರು ಬಿಗಿಹಿಡಿದು ಆಡುತ್ತದೆ. ಬೆಂಚಿನಲ್ಲಿ ಆಳಿಲ್ಲದ ಸಣ್ಣ ಕಾಲೇಜಿಗೆ ಇದೇ ವರ. ಜಾಹೀರಾತಿನಿಂದ ಆಟಕ್ಕೆ ಆದ ಉಪಕಾರ ಇದೊಂದೇ ಇರಬಹುದು!

ಇನ್ನು ಇಎಸ್‌ಪಿಎನ್. ಇಪ್ಪತ್ನಾಲ್ಕು ಗಂಟೆ ಕ್ರೀಡೆ ತೋರಿಸುತ್ತೇವೆ ಎಂದು ಹೊರಟವರ ಕೈಯಲ್ಲಿ ತೋರಿಸಲು ಹೆಚ್ಚೇನೂ ಇರಲಿಲ್ಲ. ಕಾಲೇಜು ಬ್ಯಾಸ್ಕೆಟ್‌ಬಾಲ್ ಅಗ್ಗಕ್ಕೆ ಸಿಗುತ್ತಿತ್ತು, ರಾಶಿ ರಾಶಿ ಇತ್ತು. ಅದೇ ಹೊತ್ತಿಗೆ ಡೆಟ್ರಾಯಿಟ್‌ನ ಎನ್‌ಬಿಎ ತಂಡದಿಂದ ಕೋಚ್ ಡಿಕ್ ವಿಟೇಲ್ ಕೆಲಸ ಕಳೆದುಕೊಂಡಿದ್ದರು. ಒಂದು ತಿಂಗಳೊಳಗೆ, 1979ರ ಡಿಸೆಂಬರಿನಲ್ಲಿ, ಅವರು ಇಎಸ್‌ಪಿಎನ್ ಮೈಕಿನ ಮುಂದೆ ಕೂತರು. ಅವರ ಕಿರುಚಾಟ ನನಗೆ ಹಿಡಿಸಿದ್ದಿಲ್ಲ. ಆದರೆ ಅಲ್ಲಿನ ಒಂದು ತಲೆಮಾರಿಗೆ ಆ ಕಿರುಚಾಟವೇ ಚಳಿಗಾಲದ ದನಿ. ಬಿಗ್ ಈಸ್ಟ್ ಒಕ್ಕೂಟವನ್ನು ಕಟ್ಟಿದ ಡೇವ್ ಗ್ಯಾವಿಟ್ ಇನ್ನೂ ಚಾಣಾಕ್ಷ. ನ್ಯೂಯಾರ್ಕ್, ವಾಷಿಂಗ್ಟನ್, ಬಾಸ್ಟನ್ ಹೀಗೆ ಟಿವಿ ಸೆಟ್ಟು ಹೆಚ್ಚಿರುವ ನಗರಗಳ ಕಾಲೇಜುಗಳನ್ನು ಒಂದು ಕಡೆ ಸೇರಿಸಿದರು. ಆರು ವರ್ಷ ತುಂಬುವುದರೊಳಗೆ, 1985ರಲ್ಲಿ, ಕೊನೆಯ ನಾಲ್ಕರಲ್ಲಿ ಮೂರು ತಂಡ ಅವರವೇ.

ಅದೇ ವರ್ಷ ರಾಷ್ಟ್ರೀಯ ಟೂರ್ನಿ 64 ತಂಡಗಳಿಗೆ ಹಿಗ್ಗಿತು. 1991ರಿಂದ ಪಂದ್ಯಗಳೆಲ್ಲ ಸಿಬಿಎಸ್‌ಗೆ ಹೋದ ಮೇಲಂತೂ ಒಂದೇ ಹೊತ್ತಿಗೆ ನಾಲ್ಕು ಪಂದ್ಯ, ತೋರಿಸುವ ಚಾನೆಲ್ ಒಂದು. ಸಿಬಿಎಸ್‌ನ ನ್ಯೂಯಾರ್ಕ್ ಕೋಣೆಯಲ್ಲಿ ಕೂತವರು ನಿಮ್ಮ ಪ್ರದೇಶಕ್ಕೆ ಯಾವ ಪಂದ್ಯ ಎಂದು ನಿರ್ಧರಿಸುತ್ತಿದ್ದರು. ನಾವು ಒಂದನ್ನು ನೋಡುತ್ತಿರುವಾಗ ತಟ್ಟನೆ ಇನ್ನೊಂದು ಊರಿಗೆ ಹಾರಿಸುತ್ತಿದ್ದರು. ಅಲ್ಲಿ ಕೊನೆಯ ಹತ್ತು ಸೆಕೆಂಡು, ಒಂದು ಅಂಕದ ಅಂತರ, ಯಾರೆಂದೇ ಗೊತ್ತಿಲ್ಲದ ಹುಡುಗನ ಕೈಯಲ್ಲಿ ಚೆಂಡು. ಆ ಅನಿರೀಕ್ಷಿತದ ಸುಖ ದೊಡ್ಡದು. 2011ರಿಂದ ಟೂರ್ನಿ 68 ತಂಡಗಳದ್ದಾಯಿತು, ಎಲ್ಲ ಪಂದ್ಯಗಳೂ ನಾಲ್ಕು ಚಾನೆಲ್ಲುಗಳಲ್ಲಿ ಪೂರ್ತಿ ಬರತೊಡಗಿದವು. ಅದಕ್ಕೂ ಮುಂಚೆ, 2006ರಲ್ಲೇ, ಸಿಬಿಎಸ್ ಇಂಟರ್ನೆಟ್‌ನಲ್ಲಿ ಪುಕ್ಕಟೆ ತೋರಿಸಿತ್ತು. ಅದರಲ್ಲೊಂದು ಗುಂಡಿ ಇತ್ತು: ಒತ್ತಿದರೆ ಪಂದ್ಯ ಮಾಯವಾಗಿ ಲೆಕ್ಕದ ಸ್ಪ್ರೆಡ್‌ಶೀಟ್ ಕಾಣಿಸುತ್ತದೆ. ಬಾಸ್ ಬಂದರೆ ಇರಲಿ ಎಂದು! ನಮ್ಮ ಸಾಫ್ಟ್‌ವೇರ್ ಹುಡುಗರಿಗೆ ಆ ಗುಂಡಿ ಎಷ್ಟು ಪ್ರಿಯವಾಗಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ಕಾಣತೊಡಗಿದ ಮೇಲೆ ಆದದ್ದೇನು? ನಾನು ಹೇಳಬೇಕೆಂದು ಬಂದದ್ದು ಇದನ್ನೇ. ನೋಟ ಹೆಚ್ಚಾಯಿತು, ಪರಿಚಯ ಕಡಿಮೆಯಾಯಿತು.

ಹಿಂದೆ ಆಟಗಾರ ನಾಲ್ಕು ವರ್ಷ ಇರುತ್ತಿದ್ದ. 1972ರವರೆಗೆ ಮೊದಲ ವರ್ಷದವರಿಗೆ ಮುಖ್ಯ ತಂಡದಲ್ಲಿ ಆಡಲು ಬಿಡುತ್ತಲೇ ಇರಲಿಲ್ಲ. ಆಲ್ಸಿಂಡರ್‌ನಂಥವರೂ ಒಂದು ವರ್ಷ ಹೊಸಬರ ತಂಡದಲ್ಲಿ ಕಳೆದರು. ವರ್ಷಕ್ಕೆ ಹತ್ತೋ ಹದಿನೈದೋ ಸಲ ಟಿವಿಯಲ್ಲಿ ಕಂಡರೂ ಹುಡುಗ ಬೆಳೆಯುವುದು ಕಾಣುತ್ತಿತ್ತು. ಮೊದಲ ವರ್ಷ ಕೈ ನಡುಗಿದವನು ನಾಲ್ಕನೇ ವರ್ಷ ತಂಡವನ್ನು ಹೊರುತ್ತಿದ್ದ. 2006ರಿಂದ ಎನ್‌ಬಿಎ ಹತ್ತೊಂಬತ್ತು ತುಂಬದವರನ್ನು ಸೇರಿಸುವುದಿಲ್ಲ ಎಂದಿತು. ಹಾಗಾಗಿ ಬಲು ಪ್ರತಿಭಾವಂತರು ಕಾಲೇಜಿಗೆ ಒಂದು ವರ್ಷದ ಅತಿಥಿಗಳಾಗಿ ಬಂದರು. 2019ರ ಫೆಬ್ರುವರಿಯಲ್ಲಿ ಡ್ಯೂಕ್–ಕೆರೊಲಿನಾ ಪಂದ್ಯಕ್ಕೆ ಮಾಜಿ ಅಧ್ಯಕ್ಷ ಒಬಾಮರೂ ಬಂದು ಕೂತಿದ್ದರು, ದೇಶವೆಲ್ಲ ಡ್ಯೂಕ್‌ನ ಹೊಸ ಹುಡುಗ ಜಾಯನ್ ವಿಲಿಯಮ್ಸನ್‌ಗಾಗಿ ಕಾದಿತ್ತು. ಮೊದಲ ನಿಮಿಷದಲ್ಲೇ ಅವನ ಶೂ ಕಿತ್ತು ಬಂದು ಮೊಣಕಾಲು ತಿರುಚಿತು. ಎದ್ದು ಒಳಗೆ ಹೋದ. ಅವನ ಕಾಲೇಜು ಜೀವನವೇ ಒಟ್ಟು ಐದಾರು ತಿಂಗಳು, ಒಂದು ಸಂಜೆ ಹೋದರೆ ಅದು ದೊಡ್ಡ ನಷ್ಟ. 2021ರ ನಂತರವಂತೂ ಕಾಲೇಜು ಬದಲಾಯಿಸುವುದಕ್ಕೆ ಹಿಂದಿನ ತಡೆಗಳಿಲ್ಲ. ವರ್ಷವರ್ಷವೂ ಅರ್ಧ ತಂಡ ಹೊಸಮುಖ. ಋತು ಶುರುವಾದಾಗ ನನ್ನ ಪಕ್ಕದ ಮನೆಯ ಕಟ್ಟಾ ಕೆರೊಲಿನಾ ಅಭಿಮಾನಿ ಫೋನಿನಲ್ಲಿ ಹುಡುಗರ ಹೆಸರು ಹುಡುಕುತ್ತಾ ಕೂರುತ್ತಾನೆ.

ಆದರೆ ಇಲ್ಲೇ ನಿಲ್ಲಿಸಿದರೆ ನಾನು ಹಳೆಯ ಕಾಲದ ಹೊಗಳುಭಟ್ಟನಾಗುತ್ತೇನೆ. ಆ 1957ರ ಕೆರೊಲಿನಾ ತಂಡದಲ್ಲಿ ಒಬ್ಬನೂ ಕರಿಯ ಆಟಗಾರ ಇರಲಿಲ್ಲ. ಇರುವುದಕ್ಕೆ ಬಿಡುತ್ತಲೂ ಇರಲಿಲ್ಲ. ಚಾರ್ಲಿ ಸ್ಕಾಟ್ ಅಲ್ಲಿ ವಿದ್ಯಾರ್ಥಿವೇತನ ಪಡೆದ ಮೊದಲ ಕರಿಯ ಆಟಗಾರನಾಗಿ ಬಂದದ್ದು ಅರವತ್ತರ ದಶಕದ ಕೊನೆಗೆ. ನಾಲ್ಕು ವರ್ಷ ಇರುತ್ತಿದ್ದರು ಎಂದೆನಲ್ಲ, ಅದಕ್ಕೂ ಒಂದು ಕಾರಣ ಬೇರೆ ದಾರಿ ಇಲ್ಲದಿದ್ದದ್ದು. ಕಾಲೇಜು ಬಿಟ್ಟು ಇನ್ನೊಂದಕ್ಕೆ ಹೋದರೆ ಒಂದು ವರ್ಷ ಹೊರಗೆ ಕೂರಬೇಕಿತ್ತು. ಕೋಚ್ ಮಾತ್ರ ದುಪ್ಪಟ್ಟು ಸಂಬಳಕ್ಕೆ ಯಾವತ್ತು ಬೇಕಾದರೂ ಹೋಗಬಹುದಿತ್ತು. 1995ರಲ್ಲಿ ಯುಸಿಎಲ್‌ಎಗೆ ಪ್ರಶಸ್ತಿ ತಂದ ಎಡ್ ಒಬ್ಯಾನನ್ ವರ್ಷಗಳ ಮೇಲೆ ಒಂದು ವಿಡಿಯೊ ಗೇಮ್‌ನಲ್ಲಿ ತನ್ನನ್ನೇ ಕಂಡರು. ಅದೇ ಎತ್ತರ, ಅದೇ ಎಡಗೈ, ಅದೇ ಸಂಖ್ಯೆಯ ಅಂಗಿ. ದುಡ್ಡು ಮಾತ್ರ ಬಂದಿರಲಿಲ್ಲ. 2009ರಲ್ಲಿ ಕೋರ್ಟಿಗೆ ಹೋದರು. ಅಲ್ಲಿಂದ ಶುರುವಾದ ಜಗ್ಗಾಟ 2021ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ವಿರುದ್ಧ ತೀರ್ಪು ಕೊಡುವವರೆಗೆ ಬಂತು, ಅದು ಬೇರೆ ಮೊಕದ್ದಮೆಯಾದರೂ. ಅದೇ ವರ್ಷದ ಜುಲೈನಿಂದ ಆಟಗಾರರು ತಮ್ಮ ಹೆಸರಿನಿಂದ ಸಂಪಾದಿಸಬಹುದಾಯಿತು. 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಕೊಡಬಹುದು. ನೂರಾರು ಕೋಟಿಯ ಟೂರ್ನಿಯನ್ನು ಪುಕ್ಕಟೆ ಆಡಿಸುತ್ತಿದ್ದ ಏರ್ಪಾಡು ಮುರಿದದ್ದಕ್ಕೆ ನನಗೆ ಬೇಸರವಿಲ್ಲ.

ಪರಿಚಯದ ಮಾತು ನಿಜವೇ ಎಂದು ಒರೆಗೆ ಹಚ್ಚಿ ನೋಡಬೇಕಿದ್ದರೆ ಹೆಣ್ಣುಮಕ್ಕಳ ಆಟ ನೋಡಿ. 2021ರ ಟೂರ್ನಿಯಲ್ಲಿ ಗಂಡುಮಕ್ಕಳಿಗೆ ವಿಶಾಲ ಜಿಮ್ ಇದ್ದರೆ ಹೆಣ್ಣುಮಕ್ಕಳಿಗೆ ಕೊಟ್ಟದ್ದು ಒಂದು ಸಣ್ಣ ಡಂಬೆಲ್ ಸ್ಟ್ಯಾಂಡು. ಒರೆಗನ್‌ನ ಸೆಡೋನಾ ಪ್ರಿನ್ಸ್ ಅದನ್ನು ಫೋನಿನಲ್ಲಿ ಚಿತ್ರಿಸಿ ಹಾಕಿದಳು, ದೇಶಕ್ಕೆ ನಾಚಿಕೆಯಾಯಿತು. ಮೂರೇ ವರ್ಷಕ್ಕೆ, 2024ರಲ್ಲಿ, ಸೌತ್ ಕೆರೊಲಿನಾ ಮತ್ತು ಅಯೋವಾ ನಡುವಿನ ಮಹಿಳಾ ಫೈನಲ್ ನೋಡಿದವರು ಸರಾಸರಿ ಒಂದು ಕೋಟಿ 80 ಲಕ್ಷಕ್ಕೂ ಹೆಚ್ಚು. ಪುರುಷರ ಫೈನಲ್ಲಿಗೆ ಒಂದೂವರೆ ಕೋಟಿಗಿಂತ ಸ್ವಲ್ಪ ಕಡಿಮೆ. ಹೀಗೆ ಹಿಂದೆಂದೂ ಆಗಿರಲಿಲ್ಲ. ಅಯೋವಾದ ಕೇಟ್ಲಿನ್ ಕ್ಲಾರ್ಕ್ ದೂರದಿಂದ ಎಸೆಯುವುದೇ ಕಾರಣ ಎನ್ನುತ್ತಾರೆ. ಅದೂ ಹೌದು. ಆದರೆ ಅವಳು ಒಂದೇ ಕಾಲೇಜಿನಲ್ಲಿ ನಾಲ್ಕು ವರ್ಷ ಆಡಿದಳು. ಮಹಿಳೆಯರ ವೃತ್ತಿಪರ ಲೀಗ್ ಓದು ಮುಗಿಸುವ ವಯಸ್ಸಿನ ತನಕ ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ ದೇಶ ಅವಳು ಬೆಳೆಯುವುದನ್ನು ಕಣ್ಣಾರೆ ಕಂಡಿತು, ಅದೂ ಪ್ರತಿಯೊಂದು ಪಂದ್ಯವನ್ನೂ. 3,667 ಅಂಕಗಳ ಪೀಟ್ ಮ್ಯಾರವಿಚ್ ದಾಖಲೆ 1970ರಿಂದ ಯಾರಿಗೂ ಸಿಕ್ಕಿರಲಿಲ್ಲ, ಅದನ್ನೂ ಅವಳು ದಾಟಿದಳು. ಮ್ಯಾರವಿಚ್ ಅದನ್ನು ಮೂರೇ ವರ್ಷದಲ್ಲಿ, ಮೂರಂಕದ ಗೆರೆ ಇಲ್ಲದೆ ಗಳಿಸಿದ್ದರು. ದೇಶದ ಬಹುಪಾಲು ಜನ ಅದನ್ನು ಪತ್ರಿಕೆಯಲ್ಲಿ ಓದಿದ್ದರು, ಅಷ್ಟೆ.

ಟಿವಿ ದುಡ್ಡಿನ ಬೆನ್ನು ಹತ್ತಿ ಭೂಗೋಳವೂ ಕಲಸಿಹೋಗಿದೆ. 2024ರಿಂದ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಅಟ್ಲಾಂಟಿಕ್ ಕೋಸ್ಟ್ ಒಕ್ಕೂಟದಲ್ಲಿವೆ. ಪೆಸಿಫಿಕ್ ಸಾಗರದ ಪಕ್ಕದಲ್ಲಿರುವ ಕಾಲೇಜುಗಳು! ಯುಸಿಎಲ್‌ಎ ಹುಡುಗರು ಒಕ್ಕೂಟದ ಪಂದ್ಯಕ್ಕೆ ನ್ಯೂಜೆರ್ಸಿಗೆ ಹಾರಬೇಕು. ನಡುವಾರದ ಪಂದ್ಯ ಮುಗಿಸಿ ಮರುದಿನ ತರಗತಿಯಲ್ಲಿ ಕೂರುವ ವಿದ್ಯಾರ್ಥಿ ಎಂಬ ಮಾತನ್ನು ಈಗ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಚೆಸ್ಲಿ ಶುರು ಮಾಡಿದ, ಮುಂದೆ ಬೇರೆ ಬೇರೆ ಕಂಪನಿಗಳ ಕೈಗೆ ದಾಟಿದ ಆ ವಾರದ ಪ್ರಸಾರವೂ 2019ರಲ್ಲಿ ನಿಂತಿತು. ಅದರ ಜಾಗಕ್ಕೆ ಇಎಸ್‌ಪಿಎನ್ ನಡೆಸುವ, ಚಂದಾ ಕೊಟ್ಟು ನೋಡುವ ಚಾನೆಲ್ ಬಂತು.

ಮಾತು ಮುಗಿದ ಮೇಲೆ ಒಬ್ಬ ಹುಡುಗ ಎದ್ದು, "ಸಾರ್, ಇದನ್ನೆಲ್ಲ ಇಲ್ಲಿಂದ ನೋಡುವುದಾದರೆ ಯಾವಾಗ ನೋಡಬೇಕು?" ಎಂದು ಕೇಳಿದ. ಮಾರ್ಚ್ ಮೂರನೇ ವಾರದ ಗುರುವಾರ ಶುರು ಮಾಡು ಎಂದೆ. ಅಲ್ಲಿ ಮಧ್ಯಾಹ್ನ ಹನ್ನೆರಡೂಕಾಲು, ಇಲ್ಲಿ ರಾತ್ರಿ ಒಂಬತ್ತೂಮುಕ್ಕಾಲು. ಅಲ್ಲಿಂದ ಮರುದಿನ ಬೆಳಗಿನ ತನಕ ಬಿಡುವಿಲ್ಲದೆ ಹದಿನಾರು ಪಂದ್ಯ. ದೊಡ್ಡ ಹೆಸರುಗಳ ಹಿಂದೆ ಹೋಗಬೇಡ, ಹದಿನೈದು ಹದಿನಾರನೇ ಶ್ರೇಯಾಂಕದ ಸಣ್ಣ ಕಾಲೇಜುಗಳನ್ನು ನೋಡು. 2018ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಕ್ಯಾಂಪಸ್‌ನವರು ಅಗ್ರ ಶ್ರೇಯಾಂಕದ ವರ್ಜೀನಿಯಾವನ್ನು 74–54ರಿಂದ ಮಣಿಸಿದ್ದು ಅಂಥ ಒಂದು ಶುಕ್ರವಾರ ರಾತ್ರಿಯೇ. ಫೈನಲ್ ಏಪ್ರಿಲ್ ಮೊದಲ ವಾರದ ಸೋಮವಾರ, ನಮಗೆ ಮಂಗಳವಾರ ಬೆಳಿಗ್ಗೆ ಆರೂವರೆ, ಏಳರ ಹೊತ್ತಿಗೆ. ಆಫೀಸಿಗೆ ಹೋಗುವ ಮುಂಚೆ ಮುಗಿಯುತ್ತದೆ.